ಮಂಗಳವಾರ, ಶುಕ್ರವಾರದ ಕೆಂಪು ದೀಪ

ಶುಕ್ರವಾರ ಸಂಜೆ ಮದರಾಸಿನ ಕೀಲ್ಪಾಕಿನ ಆಸ್ಪತ್ರೆ ರಸ್ತೆಗೆ ಹೊತ್ತಿಕೊಂಡ ಕೆಂಪು ದೀಪ ಮತ್ತೆ ಆರಲಿಲ್ಲ.

ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಸೈಕಲ್ಲುಗಳು ನಿಂತವು. ಅವುಗಳ ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಂಬುಲೆನ್ಸು. ಅಡ್ಡರಸ್ತೆಯ ಹಸಿರು ದೀಪ ಮಾತ್ರ ಯಾರೂ ಬಾರದ ದಾರಿಗೆ ಸುಮ್ಮನೆ ಸ್ವಾಗತ ಹೇಳುತ್ತ ನಿಂತಿತ್ತು. ಹಾರ್ನುಗಳು ಶುರುವಾದವು. ಬೈಗುಳಗಳು ಶುರುವಾದವು. ಕೊನೆಗೆ ಸ್ಕೂಟರಿನವನೊಬ್ಬ ತಾಳ್ಮೆಗೆಟ್ಟು ನುಗ್ಗಿದ. ಅದೇ ಗಳಿಗೆಯಲ್ಲಿ ರಸ್ತೆ ದಾಟುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಕೆಳಗೆ ಬಿದ್ದಳು.

ಮಣಿಕಟ್ಟು ಮುರಿದಿತ್ತು, ಅಷ್ಟೆ. ಆಸ್ಪತ್ರೆ ಎದುರಿಗೇ ಇತ್ತು. ಆದರೆ ಆ ‘ಅಷ್ಟೆ’ ಎಂಬ ಮಾತನ್ನು ಮುಂದಿನ ಸಲವೂ ಹೇಳಬಹುದೆಂದು ಯಾರು ಭರವಸೆ ಕೊಟ್ಟಾರು?

ಸಂಚಾರ ಪ್ರಯೋಗ ಘಟಕದ ಎಂಜಿನಿಯರ್ ಹರಿದಾಸರಾಯರು ಓಡಿ ಬರುವಷ್ಟರಲ್ಲಿ, ಕಾಲುದಾರಿಯ ಮೇಲಿನ ಕಬ್ಬಿಣದ ಪೆಟ್ಟಿಗೆಯನ್ನು ಮೆಕ್ಯಾನಿಕ್ ಮುರಳೀಧರ ತೆರೆದಾಗಿತ್ತು. ಒಳಗೆಲ್ಲ ಗಾಳಿ ಹೊಡೆದು ಸ್ವಚ್ಛ ಮಾಡಿಯೂ ಆಗಿತ್ತು. ದೀಪಗಳು ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬದಲಾಗತೊಡಗಿದ್ದವು. ಆದರೂ ಪೆಟ್ಟಿಗೆಯ ತಳದಲ್ಲಿ, ಗಾಳಿ ತಲುಪದ ಒಂದು ಮೂಲೆಯಲ್ಲಿ, ರಾಯರ ಬೆರಳಿಗೆ ಏನೋ ಅಂಟಿತು.

ಬಿಳಿಯ ಪುಡಿ.

ಮರುದಿನ ಬೆಳಿಗ್ಗೆ ಆ ಪುಡಿ ಕಾಗದದ ಪೊಟ್ಟಣದಲ್ಲಿ ಭೋಜರಾಜನ ಮೇಜಿನ ಮೇಲಿತ್ತು.

ಭೋಜರಾಜ ವಿಮಾ ಕಂಪನಿಯೊಂದರಲ್ಲಿ ಅಪಘಾತಗಳ ತನಿಖಾಧಿಕಾರಿ. ಸುಟ್ಟ ಗೋದಾಮು, ಮಗುಚಿದ ಲಾರಿ, ಇಂಥವುಗಳ ಮುಂದೆ ಕುಳಿತು ನಿಜವನ್ನು ಮೆಲ್ಲಗೆ ಮಾತಾಡಿಸುವುದು ಅವನ ಉದ್ಯೋಗ. ನಾನು, ಹರಿಹರ, ಬ್ಯಾಂಕಿನವನು, ಅವನ ಪಕ್ಕದ ಮನೆಯವನು. ಆ ಶನಿವಾರ ಅವನ ಕಾಫಿ ಕುಡಿಯಲು ಹೋದವನು ಬ್ಯಾಂಕಿಗೆ ರಜೆ ಹಾಕುವಂತಾಯಿತು.

“ಹಳೆಯ ಸಿಗ್ನಲ್ಲುಗಳು ಕುರುಡು, ಭೋಜರಾಜ,” ಎಂದರು ಹರಿದಾಸರಾಯರು. ರಾತ್ರಿ ನಿದ್ರೆಯಿಲ್ಲದ ಮುಖ. “ದಾರಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಹಸಿರು ಕೊಡುತ್ತವೆ. ಇನ್ನೊಂದು ಕಡೆ ಸಾಲುಗಟ್ಟಿ ನಿಂತ ಗಾಡಿಗಳು ಸುಮ್ಮನೆ ಪೆಟ್ರೋಲ್ ಸುಡುತ್ತಿರುತ್ತವೆ. ನಮ್ಮದು ಹಾಗಲ್ಲ. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿದ್ದೇವೆ. ಚಕ್ರ ಹತ್ತಿದರೆ ಕೊಳವೆಯ ಗಾಳಿ ಹೋಗಿ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಪೆಟ್ಟಿಗೆಯಲ್ಲಿ ರಿಲೇಗಳಿವೆ. ಲೋಹದ ಪುಟ್ಟ ತುಟಿಗಳು ಅಂದುಕೋ. ಅವು ಕೂಡಿದರೆ ಆ ದಾರಿಗೆ ಹಸಿರು. ನಡೆದು ಹೋಗುವವರಿಗೂ ಕಂಬದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಗಾಡಿಗಳು ನಿಲ್ಲುತ್ತವೆ.”

“ಈಗ ತುಟಿಗಳು ಕೂಡುತ್ತಿಲ್ಲ.”

“ಕೂಡುತ್ತಿಲ್ಲ. ಒಂದೂವರೆ ತಿಂಗಳಿಂದ ಹೀಗೆ. ಯಾವಾಗಲೂ ಆಸ್ಪತ್ರೆ ರಸ್ತೆಯ ರಿಲೇಯೇ.”

“ಕೀಲಿ ಯಾರಲ್ಲಿದೆ?”

“ನನ್ನಲ್ಲೊಂದು. ಮುರಳೀಧರನಲ್ಲೊಂದು.”

“ಕೆಡುವುದು ಯಾವಾಗ?”

“ಮಂಗಳವಾರ, ಇಲ್ಲವೆ ಶುಕ್ರವಾರ. ಸಂಜೆಯ ಹೊತ್ತು.”

“ಮುರಳೀಧರ ತಪಾಸಣೆಗೆ ಬರುವ ದಿನಗಳು?”

“ಮಂಗಳವಾರ, ಶುಕ್ರವಾರ. ಬೆಳಿಗ್ಗೆ.”

ಭೋಜರಾಜ ಪೊಟ್ಟಣವನ್ನು ಬಿಚ್ಚಿದ.

“ಪುಡಿ ಏನೆಂದು ನಿಮ್ಮ ಊಹೆ?” ಎಂದ ಭೋಜರಾಜ.

“ಊಹೆಯೇನು ಬಂತು? ರಬ್ಬರ್ ಅಂಟಿಕೊಳ್ಳದಿರಲಿ ಎಂದು ಕೊಳವೆಗೆ ಫ್ರೆಂಚ್ ಚಾಕ್ ಪುಡಿ ಸವರುತ್ತಾರೆ. ಹುಡುಗನ ಚೀಲದಲ್ಲಿ ಅದರ ಡಬ್ಬಿಯೇ ಇದೆ. ಅವನಿನ್ನೂ ಟೆಂಪರರಿ ನೌಕರ. ಸಿಗ್ನಲ್ ಕೆಡುತ್ತಿದ್ದರೆ ಮೆಕ್ಯಾನಿಕ್ ಬೇಕಾಗುತ್ತಾನೆ. ಇದು ಮೇಲಿನವರ ತರ್ಕ.”

“ನಿಮ್ಮ ತರ್ಕ?”

“ನನಗೆ ತರ್ಕ ಇಲ್ಲ. ಆ ಹುಡುಗ ದೀಪದ ಗಾಜನ್ನು ತನ್ನ ಕರ್ಚೀಫಿನಿಂದ ಒರೆಸುವುದನ್ನು ನೋಡಿದ್ದೇನೆ. ಬುಧವಾರ ಕಮಿಟಿ ಕೂಡುತ್ತದೆ. ಸಿಗ್ನಲನ್ನು ಕಿತ್ತು ಹಾಕಬೇಕು, ಅವನನ್ನು ಪೊಲೀಸರಿಗೆ ಒಪ್ಪಿಸಬೇಕು. ಎರಡೂ ಒಂದೇ ಸಹಿಯಲ್ಲಿ ಮುಗಿಯುತ್ತದೆ.”

ಭೋಜರಾಜ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡ. “ನಡೀರಿ. ಆ ಪೆಟ್ಟಿಗೆ ಎಂಥವರ ನೆರೆಯಲ್ಲಿ ಬಾಳುತ್ತಿದೆ, ನೋಡೋಣ.”

ಅದು ತಮಿಳರ ಆಡಿ ತಿಂಗಳ ಮೊದಲ ವಾರ. ಯಾವುದೋ ಅಮ್ಮನ ಗುಡಿಯ ಧ್ವನಿವರ್ಧಕ ದೂರದಲ್ಲಿ ಹಾಡುತ್ತಿತ್ತು. ಬೇವಿನ ಮರದ ಕೆಳಗೆ ಕಾಲುದಾರಿ. ಕಾಲುದಾರಿಯ ಅಂಚಿಗೆ, ಹಳೆಯ ಹೆಂಚಿನ ಮನೆಯೊಂದರ ಗೇಟಿನ ಪಕ್ಕದಲ್ಲಿ, ಬೂದು ಬಣ್ಣದ ಪೆಟ್ಟಿಗೆ. ದೀಪದ ಕಂಬ ಅದರ ಮುಂದೆ. ಎದುರಿಗೆ ಆಸ್ಪತ್ರೆ. ಆಚೆ ಮೂಲೆಯಲ್ಲಿ ಕಿಟ್ಟಣ್ಣನ ಕಾಫಿ ಹೋಟೆಲು.

ಮುರಳೀಧರ ಕಂಬಕ್ಕೆ ಒರಗಿ ನಿಂತಿದ್ದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಕಣ್ಣು ಕೆಂಪಾಗಿದ್ದವು.

“ಸತ್ಯಮಾ ಹೇಳ್ತೀನಿ ಸಾರ್, ನಾನ್ ಏನೂ ಮಾಡ್ಲಿಲ್ಲ. ಇದು ನನ್ನ ಮೊದಲನೇ ಸಿಗ್ನಲ್ ಸಾರ್. ನಾನೇ ಯಾಕ್ ಸಾರ್ ಕೆಡಿಸ್ತೀನಿ?”

“ನೀನು ಕೆಡಿಸಿದೆ ಎಂದು ನಾನು ಹೇಳಿದೆನೆ?” ಭೋಜರಾಜನ ದನಿ ತಣ್ಣಗಿತ್ತು. “ನಿನ್ನೆ ಪೆಟ್ಟಿಗೆ ತೆರೆದ ಕೂಡಲೆ ಏನು ಕಂಡೆ?”

“ಕಾಣ್ಲಿಲ್ಲ ಸಾರ್. ಊದಿದೆ.”

“ಕಾಣುವ ಮೊದಲೇ?”

“ಹಂಗೇ ಕಲ್ತಿರೋದು ಸಾರ್, ಅಂಬತ್ತೂರಲ್ಲಿ ಕೆಲ್ಸ ಕಲೀವಾಗ. ಮೊದಲು ಬ್ಲೋವರ್, ಆಮೇಲೆ ಕಣ್ಣು, ಆಮೇಲೆ ಕೈ. ಕಣ್ಣಿಗೆ ಧೂಳು ಬೀಳಬಾರ್ದು ನೋಡಿ.”

“ಪ್ರತಿ ಸಲವೂ ಮೊದಲು ಊದಿದೆಯಾ?”

“ಪ್ರತಿ ಸಲಾನೂ ಸಾರ್. ಊದಿದ್ರೆ ಶರಿಯಾಗಿ ಹೋಗ್ತದೆ.”

ಹರಿದಾಸರಾಯರು ನಿಟ್ಟುಸಿರಿಟ್ಟರು. “ಸಾಕ್ಷ್ಯವನ್ನೂ ಊದಿಬಿಟ್ಟೆಯಲ್ಲಪ್ಪಾ!”

“ಕೆಡದೆ ಹೋದ ಮಂಗಳವಾರ, ಶುಕ್ರವಾರ ಉಂಟೆ?” ಎಂದ ಭೋಜರಾಜ.

ಹುಡುಗ ಯೋಚಿಸಿದ. “ಇದೆ ಸಾರ್. ಕೆಲವು ಸಲ ಸ್ವಲ್ಪ ತಡವರಿಸಿ ತಾನೇ ಶರಿಯಾಗಿದೆ. ಆದ್ರೆ ಹೋದ ತಿಂಗಳು ಒಂದು ಶುಕ್ರವಾರ ಒಂಚೂರೂ ತೊಂದ್ರೆ ಇಲ್ಲೆ. ಅವತ್ತು ಜಾನಕಿ ಮಾಮಿ ಕಾಫಿ ಕೊಡ್ಲಿಲ್ಲ, ಅದಕ್ಕೇ ಜ್ಞಾಪಕ ಇದೆ. ಯಜಮಾನ್ರು ಆಸ್ಪತ್ರೇಲಿ, ಅವ್ರ ಬದಲು ಮಗ ತರ್ಪಣಕ್ಕೆ ಕೂತಿದಾನೆ, ಅಡುಗೆಮನೆ ಮಡಿ, ಆಮೇಲೆ ಬಾಪ್ಪಾ ಅಂದ್ರು.” ಅವನು ಹೆಂಚಿನ ಮನೆಯ ಕಡೆ ತೋರಿಸಿದ. “ಮಾಮಿ ಇಲ್ಲೇ ಇರೋದು. ತಪಾಸಣೆ ದಿವ್ಸ ನಂಗೆ ಅಲ್ಲೇ ಕಾಫಿ.”

ಭೋಜರಾಜ ಆಗಲೇ ಪೆಟ್ಟಿಗೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದ. ನಾನೂ ಬಗ್ಗಿದೆ. ಸಿಮೆಂಟಿನ ಮೇಲೆ ಮೂರು ಚುಕ್ಕಿಗಳು ಮಾಸಲಾಗಿ ಉಳಿದಿದ್ದವು. ಒಂದು ಕೆಂಪು, ಒಂದು ಹಳದಿ, ಒಂದು ಹಸಿರು.

“ಯಾವುದೋ ಮಗುವಿನ ಆಟ,” ಎಂದೆ.

“ಇರಬಹುದು,” ಎಂದ ಅವನು. ಆಮೇಲೆ ಗೇಟಿನ ಮುಂದಿನ ಕೋಲದ, ಅಂದರೆ ರಂಗೋಲಿಯ, ಕಡೆ ತಿರುಗಿದ. ಅಂದಿನ ಹೊಸ ಕೋಲದ ಅಡಿಯಲ್ಲಿ ನಿನ್ನೆಯ ಬಿಳಿ ಗೆರೆಗಳು ಇನ್ನೂ ಮಬ್ಬಾಗಿ ಕಾಣುತ್ತಿದ್ದವು. ಅವನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎರಡು ಸಲ ನೋಡಿದ.

ಹರಿದಾಸರಾಯರು ಕಚೇರಿಗೆ ಹೊರಟರು. ನಮ್ಮ ಮುಂದಿನ ದಾರಿ ಕಿಟ್ಟಣ್ಣನ ಹೋಟೆಲಿಗೆ.

ಸಿಗ್ನಲ್ ಬಂದ ಮೇಲೆ ಆ ಮೂಲೆಯಲ್ಲಿ ಗಾಡಿ ನಿಲ್ಲಿಸಕೂಡದೆಂದು ರಸ್ತೆಯ ಅಂಚಿಗೆ ಹಳದಿ ಗೆರೆ ಎಳೆದಿದ್ದರು. ಕಾರಿನ ಗಿರಾಕಿಗಳು ತಪ್ಪಿದ್ದರು. ಕಿಟ್ಟಣ್ಣನ ಸಿಟ್ಟು ಇಡೀ ಬೀದಿಗೆ ಗೊತ್ತಿತ್ತು.

“ಹೌದು ಮಾರಾಯ್ರೆ, ಆ ಪೆಟ್ಟಿಗೆಗೆ ಬೆಂಕಿ ಬೀಳ್ಲಿ ಅಂತ ಹೇಳಿದ್ದು ಹೌದು,” ಎಂದ ಅವನು, ಗಲ್ಲಾದ ಹಿಂದಿನಿಂದ. “ದಿನಾ ಹೇಳ್ತೇನೆ. ನಾನು ಹೇಳಿದಲ್ಲೆಲ್ಲ ಬೆಂಕಿ ಬೀಳುವುದಾದ್ರೆ ನನ್ನ ಭಾವಮೈದ ಎಂದೋ ಬೂದಿ ಆಗ್ತಿದ್ದ!”

“ನಿಮ್ಮಲ್ಲಿ ಟಿಂಚರ್ ಅಯೋಡಿನ್ ಉಂಟೆ?”

“ಎಂತಕ್ಕೆ? ಗಾಯ ಆಯ್ತಾ?”

“ಇಲ್ಲ. ಎರಡು ಸಾಸರು, ಸ್ವಲ್ಪ ನೀರು, ಟಿಂಚರು. ಎರಡು ಕಾಫಿ.”

ಅಡುಗೆಯವರ ಕೈ ಕುಯ್ದುಕೊಂಡರೆ ಹಚ್ಚಲು ಇಟ್ಟಿದ್ದ ಸೀಸೆ ಬಂತು. ಭೋಜರಾಜ ಮುರಳೀಧರನ ಡಬ್ಬಿಯಿಂದ ಬೇಡಿ ತಂದಿದ್ದ ಚಾಕನ್ನು ಒಂದು ಸಾಸರಿನಲ್ಲಿಟ್ಟ. ಪೊಟ್ಟಣದ ಪುಡಿಯನ್ನು ಇನ್ನೊಂದರಲ್ಲಿ. ಎರಡಕ್ಕೂ ಒಂದೊಂದು ಹನಿ ನೀರು. ಆಮೇಲೆ ಒಂದೊಂದು ಹನಿ ಟಿಂಚರು.

ಮೊದಲನೆಯದು ಕಂದಾಗಿ, ಕಂದಾಗಿಯೇ ಉಳಿಯಿತು.

ಎರಡನೆಯದು ಕಣ್ಣೆದುರೇ ಕಪ್ಪು ನೀಲಿಗೆ ತಿರುಗಿತು. ಮಳೆ ಹೊತ್ತ ಮೋಡದ ಒಂದು ಚೂರು ಸಾಸರಿಗೆ ಇಳಿದಂತೆ.

“ಚಾಕ್ ಅಲ್ಲ!” ಎಂದೆ.

“ಹಿಟ್ಟು,” ಎಂದ ಭೋಜರಾಜ. “ಪಿಷ್ಟ ಇದ್ದರೆ ಮಾತ್ರ ಅಯೋಡಿನ್ ಹೀಗೆ ಬಣ್ಣ ತಿರುಗುತ್ತದೆ. ಬೆರಳಿನಲ್ಲಿ ಉಜ್ಜಿ ನೋಡು. ಮೈದಾದ ನುಣುಪಿಲ್ಲ. ಅಕ್ಕಿಹಿಟ್ಟು.”

ನಮ್ಮಿಬ್ಬರ ದೃಷ್ಟಿಯೂ ಒಟ್ಟಿಗೇ ಅಡುಗೆಮನೆಯ ಬಾಗಿಲಿನ ಕಡೆ ಹೊರಳಿತು. ಅಲ್ಲಿ ಚೀಲಗಳು ಒಂದರ ಮೇಲೊಂದು ಒಟ್ಟಿದ್ದವು. ಕಿಟ್ಟಣ್ಣ ಅದನ್ನು ಕಂಡ. ಅವನ ಮುಖದ ಬಣ್ಣ ಸಾಸರಿನದಕ್ಕಿಂತ ಬೇಗ ಬದಲಾಯಿತು.

“ಭೋಜರಾಯರೇ! ಇದೆಂತ ನೋಟ? ಅಕ್ಕಿಹಿಟ್ಟು ನಾನು ಪೆಟ್ಟಿಗೆಗೆ ಸುರಿದ್ರೆ ನೀರುದೋಸೆ ರಸ್ತೆ ಮೇಲೆ ಹುಯ್ಯುವುದಾ?”

“ಬೀಗ ಹಾಕಿದ ಪೆಟ್ಟಿಗೆಗೆ ನೀವು ಸುರಿಯುವುದಾದರೂ ಹೇಗೆ, ಕಿಟ್ಟಣ್ಣ?” ಭೋಜರಾಜ ನಕ್ಕ. “ಕೂತ್ಕೊಳ್ಳಿ. ನಿಮ್ಮಲ್ಲಿ ಪಂಚಾಂಗದ ಕ್ಯಾಲೆಂಡರ್ ಇದೆಯಲ್ಲ, ಹೋದ ತಿಂಗಳ ಹಾಳೆ ಉಂಟೆ?”

ಇತ್ತು. ಹಳೆಯ ಹಾಳೆಯನ್ನು ತಿರುವಿ ಒಂದು ಶುಕ್ರವಾರದ ಮೇಲೆ ಅವನು ಬೆರಳಿಟ್ಟ. ಅಲ್ಲಿ ಕರಿಯ ದುಂಡು ಗುರುತಿತ್ತು. ಅಮಾವಾಸ್ಯೆ.

“ಗೊತ್ತಾಯಿತೆ?” ಎಂದೆ.

“ಗೊತ್ತಾಗುವುದು ಬೇಡವಾಗಿತ್ತು,” ಎಂದ.

ಜಾನಕಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ಟಿಫಿನ್ ಕ್ಯಾರಿಯರಿಗೆ ಬಟ್ಟೆ ಸುತ್ತುತ್ತಿದ್ದರು. ಸಣ್ಣ ದೇಹ, ದೊಡ್ಡ ಕುಂಕುಮ, ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡ. ಗಂಡ ಸೀತಾರಾಮರಾಯರು ರೈಲ್ವೆಯಿಂದ ನಿವೃತ್ತರಾದವರು; ಪಾರ್ಶ್ವವಾಯು ಹೊಡೆದು ಎರಡು ತಿಂಗಳಿಂದ ಎದುರಿನ ಆಸ್ಪತ್ರೆಯಲ್ಲಿದ್ದರು.

“ಬನ್ನಿಪ್ಪಾ, ಒಳಗ್ಬನ್ನಿ. ಆ ಹುಡುಗನ ವಿಷಯ ತಾನೆ? ಪಾವಂ, ನಿನ್ನೆಯಿಂದ ಊಟ ಮಾಡಿಲ್ಲ. ಮುರಳಿ ಅಂಥೋನಲ್ಲ. ನಾನ್ ಬೇಕಾದ್ರೆ ಕೋರ್ಟಲ್ಲಿ ಬಂದು ಹೇಳ್ತೀನಿ.”

“ಅತ್ತೆ, ಯಾರೂ ಕೋರ್ಟಿಗೆ ಕರೀಲಿಲ್ಲ ನಿಮ್ಮನ್ನ,” ಎಂದಳು ಬಾಗಿಲಲ್ಲಿ ನಿಂತ ಸೊಸೆ ಊರ್ಮಿಳಾ. ನಮಗೆ ಕುರ್ಚಿ ತಂದಿಟ್ಟಳು.

“ನೋಡಿದ್ರಾ? ಈ ಮನೇಲಿ ನನ್ನ ಮಾತಿಗೆ ಬೆಕ್ಕೂ ನಿಲ್ಲಲ್ಲ.” ಮುದುಕಿ ನಕ್ಕರು. “ಅಲ್ಲಿ ನೋಡಿ. ಬೆರಳಲ್ಲಿ ಒಂದು ಗುಂಡಿ ಒತ್ತಿದ್ರೆ ಡಬಲ್ ಡೆಕ್ಕರ್ ಬಸ್ಸೇ ನಿಂತುಬಿಡತ್ತೆ. ಒಳಗೆ ಅಷ್ಟು ಜನ, ಎಲ್ರೂ ನನಗೋಸ್ಕರ ಕಾಯ್ತಾರೆ. ಹುಟ್ಟಿದಾಗಿಂದ ಯಾರು ಕಾದಿದ್ರು ನನಗೆ?”

“ಸಿಗ್ನಲ್ ಬರುವ ಮೊದಲು?”

“ಅಯ್ಯೋ, ಆ ಕಥೆ ಕೇಳ್ಬೇಡಿ. ಯುಗಾದಿ ಸಮಯದಲ್ಲೂ ಇವ್ರು ಸ್ವಲ್ಪ ದಿವ್ಸ ಅಲ್ಲೇ ಇದ್ರು. ಕ್ಯಾರಿಯರ್ ಹಿಡ್ಕೊಂಡು ಇಲ್ಲಿ ನಿಂತ್ರೆ ನಿಂತೇ. ಒಂದು ಕಾಲು ಇಡೋದು, ಹಿಂದಕ್ಕೆ ತಗೊಳ್ಳೋದು. ಅಷ್ಟರಲ್ಲಿ ಸಾರು ಆರಿಹೋಗೋದು. ಅವ್ರಿಗೆ ಆರಿದ ಸಾರು ಸೇರಲ್ಲ. ಬಾಯಲ್ಲಿ ಹೇಳಕ್ಕಾಗಲ್ಲ ಈಗ, ಮುಖ ತಿರುಗಿಸ್ತಾರೆ. ಈಗ ಹೊಗೆಯಾಡ್ತಾ ಹೋಗತ್ತೆ ಸಾರು. ನಿನ್ನೆ ಒಂದು ತೊಟ್ಟೂ ಬಿಡಲಿಲ್ಲ!”

ಭೋಜರಾಜ ತಲೆ ತಗ್ಗಿಸಿಯೇ ಕೇಳಿದ:

“ಗೇಟಿನ ಮುಂದೆ ಕೋಲ ಯಾರು ಹಾಕುವುದು, ಅಮ್ಮಾ?”

“ದಿನಾ ಊರ್ಮಿಳಾ. ಅಂಗಡಿ ಕಲ್ಲುಪುಡಿ. ಬೆಳ್ಳಗೆ ಎದ್ದು ಕಾಣತ್ತೆ, ಅಳಿಸಲ್ಲ ಅಂತಾಳೆ. ಅಳಿಸದೆ ಇದ್ರೆ ಇರುವೆಗೇನು ಲಾಭ? ಅದಕ್ಕೆ ಒಂದು ತುತ್ತು ಅಂತ ತಾನೆ ಕೋಲ ಹಾಕೋದು? ನಮ್ಮಮ್ಮ ಹಂಗೇ ಹೇಳ್ಕೊಟ್ಟಿದ್ದು.”

“ನೀವು ಹಾಕುವುದಿಲ್ಲವೆ?”

“ಮಂಗಳವಾರ, ಶುಕ್ರವಾರ ಮಾತ್ರ.” ಅವರ ದನಿ ನಾಚಿಕೊಂಡಿತು. “ನಗಬಾರ್ದು ನೀವು. ಆ ಪೆಟ್ಟಿಗೆ ಮುಂದೆ. ನಾನೇ ಬೀಸಿದ ಅಕ್ಕಿಹಿಟ್ಟಲ್ಲಿ. ಮಧ್ಯೆ ಕುಂಕುಮ, ಅರಿಶಿನ, ಗೋರಂಟಿ ಪುಡಿ, ಮೂರು ಚುಕ್ಕಿ. ಅದರ ದೀಪದ ಹಾಗೇ. ನಿನ್ನೆ ಆಡಿ ವೆಳ್ಳಿ, ಆಡಿ ತಿಂಗಳ ಮೊದಲ ಶುಕ್ರವಾರ ಅಲ್ವಾ, ದೊಡ್ಡದಾಗೇ ಹಾಕಿದೆ. ಅದು ನಮ್ಮನ್ನ ಕಾಯತ್ತೆ. ನಾವು ಅದಕ್ಕೆ ಏನು ಮಾಡ್ತೀವಿ ಹೇಳಿ?”

ಊರ್ಮಿಳಾ ಒಳಗಿನಿಂದ ಕೂಗಿದಳು: “ಗಂಟೆ ಆಯ್ತು ಅತ್ತೆ!”

ಜಾನಕಮ್ಮ ಎದ್ದರು. ಗುಂಡಿ ಒತ್ತಿದರು. ಬಸ್ಸು ನಿಂತಿತು. ಆ ಪುಟ್ಟ ಆಕೃತಿ ಕ್ಯಾರಿಯರನ್ನು ಎದೆಗವಚಿಕೊಂಡು, ಎಲ್ಲಿಯೂ ಅವಸರಪಡದೆ, ರಸ್ತೆಯ ನಡುವೆ ನಡೆದು ಹೋಯಿತು.

“ಹರಿಹರಾ,” ಎಂದ ಭೋಜರಾಜ, ಅವರು ಆಸ್ಪತ್ರೆಯ ಬಾಗಿಲಲ್ಲಿ ಮರೆಯಾದ ಮೇಲೆ. “ಯಾವುದಾದರೂ ವಸ್ತು ಹಾಳಾದರೆ ಅದನ್ನು ದ್ವೇಷಿಸುವವರು ಯಾರೆಂದು ಪೊಲೀಸರು ಮೊದಲು ಕೇಳುತ್ತಾರೆ. ಪ್ರೀತಿಸುವವರು ಯಾರೆಂದೂ ಒಂದು ಸಲ ಕೇಳಬೇಕು.”

ನಾವು ಮನೆಯ ದಾರಿ ಹಿಡಿದೆವು.

ಮಂಗಳವಾರ. ಭೋಜರಾಜನ ಸೂಚನೆಯಂತೆ ಎರಡು ಕೀಲಿಗಳೂ ಹರಿದಾಸರಾಯರ ಜೇಬಿನಲ್ಲಿದ್ದವು. ಮುರಳೀಧರನಿಗೆ ಬೆಳಿಗ್ಗೆ ಪೆಟ್ಟಿಗೆಯ ಹತ್ತಿರ ಬರಕೂಡದೆಂದು ಆಜ್ಞೆ. ದೀಪ ಕೆಟ್ಟರೆ ಕೈಯಿಂದ ಗಾಡಿಗಳನ್ನು ನಡೆಸಲು ಮಧ್ಯಾಹ್ನದಿಂದಲೇ ಒಬ್ಬ ಕಾನ್‌ಸ್ಟೇಬಲ್ ನಿಂತಿದ್ದ. ಜಾನಕಮ್ಮನವರಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. “ಇನ್ನೊಂದೇ ಸಲ ಅವರು ಕೋಲ ಹಾಕಬೇಕು,” ಎಂದಿದ್ದ ಭೋಜರಾಜ, ನನ್ನ ಮುಖ ನೋಡದೆ.

ಸಂಜೆ ನಾವೆಲ್ಲ ಬೇವಿನ ಮರದ ನೆರಳಲ್ಲಿದ್ದೆವು. ಆಸ್ಪತ್ರೆ ರಸ್ತೆಗೆ ಕೆಂಪು ಬಂತು. ಗಾಡಿಗಳು ಸೇರಿದವು. ಚಕ್ರಗಳು ರಬ್ಬರ್ ಕೊಳವೆಯನ್ನು ತುಳಿದವು.

ಹಸಿರು ಬರಲಿಲ್ಲ.

“ಕೆಟ್ಟುಹೋಯ್ತು!” ಎಂದರು ಹರಿದಾಸರಾಯರು. ಆ ದನಿಯಲ್ಲಿ ದುಃಖವಿತ್ತೋ ಬಿಡುಗಡೆಯಿತ್ತೋ ಹೇಳಲಾರೆ. “ಕೀಲಿ ನನ್ನಲ್ಲೇ ಇದೆ. ಹುಡುಗ ಇಲ್ಲೇ ನಿಂತಿದ್ದಾನೆ.”

ಕಾನ್‌ಸ್ಟೇಬಲ್ ಸೀಟಿ ಊದುತ್ತ ರಸ್ತೆಗಿಳಿದ. ಮುರಳೀಧರನ ಕೈ ತಾನಾಗಿ ಬ್ಲೋವರಿಗೆ ಹೋಯಿತು. ಭೋಜರಾಜ ಅದನ್ನು ಮೆಲ್ಲಗೆ ಹಿಡಿದ.

“ಇವತ್ತು ಮೊದಲು ಕಣ್ಣು, ಮುರಳಿ.”

ಬೀಗ ತೆರೆಯಿತು. ಬಾಗಿಲು ತೆರೆಯಿತು. ಎಲ್ಲರೂ ಬಗ್ಗಿದೆವು.

ತಳದ ಕೇಬಲ್ ತೂತಿನಿಂದ ಒಂದು ಸಪೂರ ಕಪ್ಪು ಗೆರೆ ಮೇಲೇರಿತ್ತು. ಗೆರೆ ಚಲಿಸುತ್ತಿತ್ತು. ಪ್ರತಿಯೊಂದರ ಬಾಯಲ್ಲೂ ಬಿಳಿಯ ಒಂದು ಕಣ. ತಂತಿಗಳ ಮೇಲೆ ಶಿಸ್ತಿನಿಂದ ಸಾಗಿ, ಬೆಚ್ಚಗಿದ್ದ ರಿಲೇಯೊಂದರ ಒಳಗೆ ಅವು ಕಣ್ಮರೆಯಾಗುತ್ತಿದ್ದವು. ಆ ರಿಲೇಯ ಲೋಹದ ತುಟಿಗಳ ನಡುವೆ ನುಗ್ಗುನುಗ್ಗಾದ ಪುಟ್ಟ ದೇಹಗಳು, ಹಿಟ್ಟು.

“ಇರುವೆ!” ಎಂದ ಮುರಳೀಧರ.

“ಇರುವೆ,” ಎಂದ ಭೋಜರಾಜ. “ಪೆಟ್ಟಿಗೆ ಕೆಟ್ಟಾಗಲೆಲ್ಲ ನೀನು ಮೊದಲು ಊದಿದೆ. ಇರುವೆ ಹಾರಿಹೋದವು, ಕಾಣದ ಮೂಲೆಯ ಹಿಟ್ಟು ಮಾತ್ರ ಉಳಿಯಿತು. ಅದು ನಿನ್ನ ಚಾಕಿನಂತೆ ಕಂಡಿತು. ಅಯೋಡಿನ್ ಹಾಕಿದಾಗ ಅಕ್ಕಿಹಿಟ್ಟೆಂದು ತಿಳಿಯಿತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಅಕ್ಕಿಹಿಟ್ಟು ಹೋಗಬೇಕಾದರೆ ಹೊತ್ತೊಯ್ಯುವವರು ಕೀಲಿ ಬೇಡದವರೇ ಆಗಿರಬೇಕು.”

“ಮಂಗಳವಾರ, ಶುಕ್ರವಾರವೇ ಏಕೆ?” ಎಂದರು ಹರಿದಾಸರಾಯರು.

ಭೋಜರಾಜ ಪೆಟ್ಟಿಗೆಯ ಬುಡವನ್ನು ತೋರಿಸಿದ. ಬೆಳಿಗ್ಗೆ ಅಲ್ಲಿ ಅರಳಿದ್ದ ಕೋಲದ ಬಿಳಿ ಗೆರೆಗಳು ಮುಕ್ಕಾಲು ಪಾಲು ಮಾಯವಾಗಿದ್ದವು. ಕೆಂಪು, ಹಳದಿ, ಹಸಿರು ಚುಕ್ಕಿಗಳು ಮಾತ್ರ ಹಾಗೆಯೇ ಇದ್ದವು.

“ನಾವೆಲ್ಲ ಇದನ್ನು ಕಂಡಿದ್ದೆವು. ಕೋಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಲು ಮಾತ್ರ ತಾನಾಗಿ ಬಳಸಿ ಹೋಗುತ್ತದೆ. ಶನಿವಾರ ಗೇಟಿನ ಮುಂದೆ ಹಿಂದಿನ ದಿನದ ಗೆರೆಗಳು ಉಳಿದಿದ್ದವು. ಇಲ್ಲಿ ಬಿಳಿ ಪೂರ್ತಿ ಹೋಗಿ ಬಣ್ಣ ಮಾತ್ರ ಉಳಿದಿತ್ತು. ಜನರ ಕಾಲು ತುಳಿದಿದ್ದರೆ ಎಲ್ಲವೂ ಒಟ್ಟಿಗೆ ಅಳಿಯಬೇಕಿತ್ತು. ಬಿಳಿಯನ್ನಷ್ಟೇ ಆರಿಸಿಕೊಂಡು ಹೋದವರು ಯಾರು? ಬಿಳಿಯನ್ನು ತಿನ್ನುವವರು. ಅಮಾವಾಸ್ಯೆಯ ಶುಕ್ರವಾರ ಪೆಟ್ಟಿಗೆ ಕೆಡಲಿಲ್ಲ. ತರ್ಪಣದ ದಿನ ಕೋಲ ಹಾಕುವುದಿಲ್ಲ.”

ಅವನು ಅಲ್ಲಿಗೆ ನಿಲ್ಲಿಸಿದ. ಹರಿದಾಸರಾಯರಿಗೆ ಅರ್ಥವಾಯಿತು, ಅವರೂ ಮುಂದೆ ಕೇಳಲಿಲ್ಲ. “ಕಮಿಟಿಗೆ ಬರೆಯಿರಿ,” ಎಂದ ಭೋಜರಾಜ, “ಅಪರಾಧಿ ಇರುವೆ ಎಂದು. ಅಷ್ಟು ಸಾಕು.”

“ಸಾಲದು.”

ಗೇಟಿನಲ್ಲಿ ಜಾನಕಮ್ಮ ನಿಂತಿದ್ದರು. ಕೈಯಲ್ಲಿ ನಮಗೆಂದು ತಂದ ಕಾಫಿಯ ತಟ್ಟೆ.

“ಇರುವೆ ತಾನಾಗಿ ಬರ್ಲಿಲ್ಲ. ಕರೆದೋಳು ನಾನು. ಅದನ್ನ ಯಾಕೆ ಬಿಟ್ರಿ ಭೋಜರಾಯರೇ? ಮುದುಕಿ ಅಂತಾನಾ?” ಅವರು ತಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟರು. “ಇರುವೆಗೆ ಅಂತ ಹಾಕಿದ ಹಿಟ್ಟು. ಅದು ಆ ಹುಡುಗೀ ಕೈ ಮುರೀತಾ? ಇವನ್ನ ಕಳ್ಳನ್ನ ಮಾಡ್ತಾ?”

ಮುರಳೀಧರ ಮುಂದೆ ಬಂದ.

“ಮಾಮಿ, ನೋಡ್ದೆ ಊದಿದ್ದು ನಾನು. ಒಂದ್ಸಲ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ನೀವು ಅಳ್ಬಾರ್ದು ಮಾಮಿ.”

“ನಾನೆಲ್ಲಿ ಅಳ್ತಿದೀನಿ? ಹೋಗೋ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹರಿದಾಸರಾಯರು ಅವರತ್ತ ತಿರುಗಿದರು. “ಅಮ್ಮಾ, ಹೊಣೆ ಹಂಚುವುದಾದರೆ ದೊಡ್ಡ ಪಾಲು ನನ್ನದು. ಈ ಪೆಟ್ಟಿಗೆಯನ್ನು ಪರದೇಶದ ನಕ್ಷೆ ನೋಡಿ ಮಾಡಿಸಿದೆ. ಚಳಿಗೆ, ಮಂಜಿಗೆ ಎಲ್ಲ ಕಾವಲಿದೆ ಅದರಲ್ಲಿ. ಬೆಳಿಗ್ಗೆ ಎದ್ದು ಬೀದಿಗೆ ಅನ್ನ ಇಡುವ ಊರೊಂದು ಇದೆ ಎಂದು ಆ ನಕ್ಷೆ ಬರೆದವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ನೆನೆಯಲಿಲ್ಲ. ತೂತು ಮುಚ್ಚಿಸುತ್ತೇನೆ. ಸಿಗ್ನಲ್ ಇಲ್ಲೇ ಇರುತ್ತದೆ. ಹುಡುಗನೂ ಇರುತ್ತಾನೆ.”

ಕಾಫಿ ಆರಿಹೋಗಿತ್ತು. ಎಲ್ಲರೂ ಕುಡಿದೆವು.

ಕಮಿಟಿ ಒಪ್ಪಿತು. ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಭೋಜರಾಜ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಜಾನಕಮ್ಮ ಕೋಲ ಬಿಟ್ಟುಬಿಟ್ಟಿದ್ದಾರೆಯೇ ಎಂಬುದು ಅವನ ಚಿಂತೆ. ಬಾಯಿ ಬಿಟ್ಟು ಹೇಳಲಿಲ್ಲ, ನಡಿಗೆಯಲ್ಲಿ ಗೊತ್ತಾಗುತ್ತಿತ್ತು.

ಪೆಟ್ಟಿಗೆ ಈಗ ಇಟ್ಟಿಗೆಯ ಕಟ್ಟೆಯ ಮೇಲೆ ನಿಂತಿತ್ತು. ಕೇಬಲ್ ತೂತಿಗೆ ಟಾರು ಮೆತ್ತಿದ್ದರು. ಕಟ್ಟೆಯ ಸುತ್ತ, ಯಾರೋ ಬಹಳ ಎಚ್ಚರದಿಂದ ಎಳೆದ ಅರಿಶಿನದ ಗೆರೆ. ಅದರ ಮುಂದೆ ಕಲ್ಲುಪುಡಿಯ ಕೋಲ. ನಡುವೆ ಅವೇ ಮೂರು ಚುಕ್ಕಿಗಳು. ಪಕ್ಕದಿಂದ, ಕಾಲುದಾರಿಯ ಅಂಚನ್ನು ಹಿಡಿದು, ಅಕ್ಕಿಹಿಟ್ಟಿನ ಒಂದು ಸಣ್ಣ ಬಿಳಿ ದಾರಿ ಬೇವಿನ ಮರದ ಬುಡದವರೆಗೆ ಸಾಗಿತ್ತು. ಮರದ ಬುಡದಲ್ಲಿ ಒಂದು ಹಿಡಿ ಹಿಟ್ಟು.

ಇರುವೆಗಳು ಆ ದಾರಿಯನ್ನು ಒಪ್ಪಿಕೊಂಡಿದ್ದವು. ಸಾಲಾಗಿ, ಗದ್ದಲವಿಲ್ಲದೆ ಹೋಗುತ್ತಿದ್ದವು.

“ನೋಡಿ ಸಾರ್,” ಎಂದ ಮುರಳೀಧರ, ಹೆಮ್ಮೆಯಿಂದ. “ಮಾಮಿ ಡೈವರ್ಷನ್ ಕೊಟ್ಟಿದಾರೆ.”

“ಅರಿಶಿನ ದಾಟಲ್ಲ ಅವು,” ಎಂದರು ಜಾನಕಮ್ಮ ಗೇಟಿನಿಂದ ಹೊರಬರುತ್ತ. “ಬರಬೇಡಿ ಅಂದ್ರೆ ಸಾಕಾ? ಎಲ್ಲಿಗೆ ಹೋಗ್ಬೇಕು ಅಂತಾನೂ ಹೇಳ್ಬೇಕಲ್ಲ, ಪಾವಂ.”

ಆಚೆಯಿಂದ ಕಿಟ್ಟಣ್ಣ ಕೂಗಿದ: “ಹಳದಿ ಗೆರೆ ಎಳೆದದ್ದು ಎಂಜಿನಿಯರ್ ಸಾಹೇಬ್ರೂ ಹೌದು, ನೀವೂ ಹೌದು! ನನ್ನ ಗಿರಾಕಿಗೂ ಒಂದು ಹಿಡಿ ಹಿಟ್ಟಿನ ದಾರಿ ಹಾಕಿಕೊಡಿ ಅಮ್ಮಾ!”

ಬೀದಿ ನಕ್ಕಿತು. ಜಾನಕಮ್ಮನವರೂ ನಕ್ಕರು. ಅವರ ಎರಡು ಕೈಯಲ್ಲೂ ಆ ದಿನ ಒಂದೊಂದು ಕ್ಯಾರಿಯರು ಇದ್ದುದನ್ನು ನಾನು ಆಗ ಕಂಡೆ.

“ಎರಡು ಯಾಕಮ್ಮಾ?”

“ಒಂದು ಅವ್ರಿಗೆ. ಇನ್ನೊಂದು ಆ ನರ್ಸು ಹುಡುಗಿಗೆ. ಹಾಸ್ಟೆಲ್ ಊಟವಂತೆ, ಬಲಗೈಗೆ ಕಟ್ಟು ಹಾಕಿದಾರಂತೆ. ಕಲಸಿ ಬಾಯಿಗಿಡೋರು ಯಾರಿದಾರೆ ಅಲ್ಲಿ?”

ಕೈಗಳೆರಡೂ ತುಂಬಿದ್ದರಿಂದ ಅವರು ಕಂಬದ ಮುಂದೆ ಒಂದು ಕ್ಷಣ ನಿಂತರು. ಭೋಜರಾಜ ಮುಂದೆ ಹೋಗಿ ಗುಂಡಿ ಒತ್ತಿದ. ಪೆಟ್ಟಿಗೆಯೊಳಗೆ ಏನೋ ಕಟಕ್ಕನೆ ಕೂಡಿತು.

ಡಬಲ್ ಡೆಕ್ಕರ್ ಬಸ್ಸು ನಿಂತಿತು. ಸಾರು ಹೊಗೆಯಾಡುತ್ತ ರಸ್ತೆ ದಾಟಿತು.